ಬೇಡವಾದ ರಿಜಿಸ್ಟರ್ ಕಾಗದ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವವಳು ಅಂದರೆ ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಪಿಯುಸಿಯಲ್ಲಿ ಅದೊಂದೇ ವಿಷಯಕ್ಕೆ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಗೈಡಿನ ಪ್ರಬಂಧಗಳನ್ನು ಉರು ಹೊಡೆದು ಹೇಗೋ ದಾಟಿಕೊಂಡವಳು ನಾನು. ಅಪ್ಪನಿಗೆ ಡುಮ್ಕಿ ಮರೆತುಹೋಗಿತ್ತು, ಪಾಸಾದದ್ದು ಮಾತ್ರ ನೆನಪಿತ್ತು. ಪಕ್ಕದೂರು ಮಗ್ಗೆಯ ಅಂಗಡಿಯಲ್ಲಿ ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನೂ ನನ್ನಿಂದಲೇ ಓದಿಸಿ, ಸುತ್ತ ನಿಂತವರ ಮುಖ ನೋಡುತ್ತಿದ್ದ. ಸುಳ್ಳೇಕೆ ಹೇಳಲಿ, ನಾನೂ ಬೀಗುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ, ಅವ್ವನ ಬೆನ್ನುಜ್ಜುವಾಗ ಅವಳ ಎಡ ಎದೆಯ ಪಕ್ಕ ಒಂದು ಗಂಟು ನನ್ನ ಕೈಗೆ ತಗುಲಿತು. ಎಷ್ಟು ದಿನದಿಂದ ಮುಚ್ಚಿಟ್ಟುಕೊಂಡಿದ್ದಳೋ ಪುಣ್ಯಾತ್ಗಿತ್ತಿ. ಸಕಲೇಶಪುರದ ಡಾಕ್ಟರು ಮುಟ್ಟಿ ನೋಡಿ, ಏನೂ ಹೇಳದೆ, ಮಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬಾಳ್ಳುಪೇಟೆಯಲ್ಲಿ ಬಸ್ಸು ಹತ್ತಿದೆವು. ಮಾರನಹಳ್ಳಿ ದಾಟಿ ಘಾಟಿ ಇಳಿಯುವಾಗ ಅವ್ವ ವಾಂತಿ ಮಾಡಿಕೊಂಡಳು. ಅಪ್ಪ ಅವಳ ಮೂಗಿಗೆ ನಿಂಬೆಹಣ್ಣು ಹಿಡಿದು, ‘ಹೆದರ್ಬ್ಯಾಡ ಕಣೆ, ಮಗ್ಳು ಜೊತೆಗವ್ಳೆ. ಇಂಗ್ಲಿಷಲ್ಲಿ ಮಾತಾಡ್ತಾಳೆ’ ಅಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಹೆಂಗಸರ ವಿಷಯ ಅಂತ ಅಪ್ಪ ಹೊರಗಿನ ಬೆಂಚಿನಲ್ಲೇ ಉಳಿದ. ಒಳಗೆ ಹೋದವರು ನಾವಿಬ್ಬರು. ಡಾಕ್ಟರು ಯಾವ ಸೀಮೆಯವರೋ, ಕನ್ನಡದ ಗಂಧವೂ ಇರಲಿಲ್ಲ. ಪರದೆಯ ಹಿಂದೆ ಅವ್ವನ ಗಂಟಿನಿಂದ ಒಂದು ಚೂರು ತೆಗೆದು ಸಣ್ಣ ಬಾಟಲಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದರು ನೋಡಿ, ನನ್ನ ಕಿವಿ ಗುಂಯ್ ಅಂದಿತು. ‘ಟ್ಯಾಬ್ಲೆಟ್’ ಅಂದದ್ದು ತಿಳಿಯಿತು. ಉಳಿದದ್ದರಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕೊನೆಗೆ ಅವರು ‘ಅಂಡರ್‌ಸ್ಟುಡ್?’ ಅಂತ ಕೇಳಿದರು.

‘ಎಸ್ ಸಾರ್’ ಅಂದೆ.

ಇನ್ನೊಂದು ಸಲ ಹೇಳಿ ಅನ್ನಬಹುದಿತ್ತು. ನನ್ನ ಬಾಯಿಗೇನು ಬೀಗ ಹಾಕಿದ್ದರೇ? ಹಿಂದೆ ಸಾಲಿನಲ್ಲಿ ಪೇಟೆಯ ಹೆಂಗಸರು ನಿಂತಿದ್ದರು, ಅವರ ಎದುರು ಸಣ್ಣವಳಾಗಲು ಮನಸ್ಸು ಬರಲಿಲ್ಲ, ಅಷ್ಟೇ. ಹೊರಗೆ ಬಂದಾಗ ಅಪ್ಪ ಎದ್ದು ನಿಂತು, ‘ಏನಂದ್ರು ಮಗ?’ ಅಂದ.

‘ಗುಳಿಗೆ ತಿಂದ್ರೆ ಕರಗ್ತದಂತಪ್ಪ’ ಅಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು! ಅಪ್ಪ ಕೈಮುಗಿದು ಗೋಡೆಯ ಮೇಲಿನ ದೇವರ ಪಟ ಹುಡುಕಿದ.

ಗುಳಿಗೆ ಮುಗಿಯಿತು, ಗಾಯ ಒಣಗಿತು, ಗಂಟು ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರು ಗೀಚಿಕೊಟ್ಟ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ತೆಗೆದು ನೋಡುತ್ತಿದ್ದೆ. ದಿಟ್ಟಿಸಿದರೆ ಅಕ್ಷರ ತಾನಾಗಿ ಕನ್ನಡವಾದೀತೇ? ಊರಲ್ಲಿ ಬೇರೆ ಯಾರಿಗಾದರೂ ತೋರಿಸಿದರೆ ನನ್ನ ಬಂಡವಾಳ ಬಯಲಾಗುತ್ತದೆ. ಅವ್ವ ಎದ್ದು ಕಾಫಿ ಕಾಸುವ ಸದ್ದು ಕೇಳಿದರೆ ಮಾತ್ರ ನನಗೆ ಉಸಿರು ಸರಿಯಾಗುತ್ತಿತ್ತು.

ಒಂದು ತಿಂಗಳ ಮೇಲಾಗಿರಬೇಕು, ಅಪ್ಪನ ಹೆಸರಿಗೆ ರಿಜಿಸ್ಟರ್ ಕಾಗದ ಬಂತು. ಪೋಸ್ಟಣ್ಣ ‘ರಿಜಿಸ್ಟರ್ ಐತೆ, ಇಂಗ್ಲಿಷಿಂದು’ ಅಂತ ಕೂಗಿ ಸೈಕಲ್ಲನ್ನು ಬೇಲಿಗೆ ಒರಗಿಸುವಷ್ಟರಲ್ಲಿ ಅಪ್ಪ ಹಿಂಬಾಗಿಲಿಂದ ತೋಟಕ್ಕೆ ಇಳಿದಾಗಿತ್ತು. ಇದಕ್ಕೆ ಕಾರಣವಿತ್ತು. ನಮ್ಮ ಎರಡೆಕರೆ ಕಾಫಿಗೆ ಹೊಂದಿಕೊಂಡಿದ್ದ ಇನ್ನೊಂದು ಎಕರೆ ಸರ್ಕಾರದ ಜಾಗವನ್ನು ಅಪ್ಪ ಒತ್ತುವರಿ ಮಾಡಿ ಗಿಡ ಹಾಕಿದ್ದ. ಆ ಸುತ್ತಿನಲ್ಲಿ ಮಾಡದವರು ಕಡಿಮೆ. ಕನ್ನಡದ ಕಾಗದ ಬಂದರೆ ತಾಲ್ಲೂಕು ಆಫೀಸಿನದು, ಕೈಕಾಲು ಹಿಡಿದರೆ ನಡೆಯುತ್ತದೆ. ಇಂಗ್ಲಿಷಿನದು ಬಂದರೆ ಬೆಂಗಳೂರಿನ ಕೋರ್ಟಿನದು, ಸಹಿ ಹಾಕಿ ತಗೊಂಡೆಯೋ ಕೆಟ್ಟೆ. ತಗೊಳ್ಳದಿದ್ದರೆ ನೋಟಿಸು ಮುಟ್ಟಿದಂತಲ್ಲ. ಇದು ಊರವರೆಲ್ಲ ನಂಬಿದ ಕಾನೂನು.

‘ಅಪ್ಪ ಊರಲ್ಲಿಲ್ಲ’ ಅಂದೆ.

‘ಈಗ ತಾನೆ ಪಂಚೆ ಎತ್ಕಂಡು ಓಡಿದ್ದು ಯಾರವ್ವ, ನಿಮ್ಮ ತಾತನಾ?’ ಅಂತ ನಕ್ಕ ಪೋಸ್ಟಣ್ಣ. ಅವನ ಕೈಯಲ್ಲಿದ್ದ ಉದ್ದ ಕವರಿನ ಮೂಲೆಯಲ್ಲಿ ನೀಲಿ ಮುದ್ರೆಯಿತ್ತು. ಅದೇ ಮುದ್ರೆಯ ಚೀಟಿ ನನ್ನ ಪೆಟ್ಟಿಗೆಯಲ್ಲಿತ್ತು. ಅದು ಆಸ್ಪತ್ರೆಯದು ಅಂದರೆ ಅಪ್ಪ ಕೇಳುತ್ತಾನೆ: ಗುಳಿಗೆಯಲ್ಲೇ ಕರಗುತ್ತೆ ಅಂದವರು ಯಾಕೆ ಬರೆದರು? ಏನು ಹೇಳಲಿ? ಪೋಸ್ಟಣ್ಣ ಕವರನ್ನು ಚೀಲಕ್ಕೆ ಹಾಕಿಕೊಂಡು ಹೋದ. ನಾನು ನೋಡುತ್ತ ನಿಂತೆ.

ಎರಡು ದಿನ ಬಿಟ್ಟು ಮತ್ತೆ ಬಂದ. ಆಗಲೂ ಅಪ್ಪ ಊರಲ್ಲಿಲ್ಲ ಅಂದೆ. ಮೂರನೇ ಸಲ ಅವನು ನಗಲಿಲ್ಲ. ‘ನಾಳೆ ವಾಪಸ್ ಕಳ್ಸ್ಲೇಬೇಕು ಕಣವ್ವ. ಆಮೇಲೆ ನನ್ನ ಕೇಳ್ಬ್ಯಾಡಿ’ ಅಂದು ಹೋದ.

ಆ ಸಂಜೆ ಅವ್ವ ಎಡಗೈಯಿಂದ ಕೊಡ ಎತ್ತಲು ಹೋಗಿ, ಮುಖ ಕಿವುಚಿ, ಬಲಗೈಗೆ ಬದಲಾಯಿಸಿಕೊಂಡಳು. ಅದನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ, ಮರುದಿನ ಬೆಳಗಾಗುತ್ತಲೇ ಮಗ್ಗೆಯ ಪೋಸ್ಟಾಫೀಸಿಗೆ ಓಡಿದೆ. ಚಪ್ಪಲಿ ಮೆಟ್ಟಿದ್ದೆನೋ ಇಲ್ಲವೋ ನೆನಪಿಲ್ಲ. ಸಹಿ ಹಾಕುವಾಗ ನನ್ನ ಹೆಸರೇ ನನಗೆ ಮರೆತಂತಾಗಿತ್ತು. ಒಳಗಿದ್ದದ್ದು ಟೈಪು ಮಾಡಿದ ನಾಲ್ಕು ಸಾಲು, ಬೆರಳಿಟ್ಟು ಓದಿದರೆ ತಿಳಿಯುವಂಥದ್ದು. ಹತ್ತು ದಿನಕ್ಕೆ ಬರಲು ಹೇಳಿದ್ದರೂ ನೀವು ಬಂದಿಲ್ಲ, ಪರೀಕ್ಷೆಯ ಫಲಿತಾಂಶ ಬಂದಿದೆ, ರೋಗಿಯನ್ನು ತಡಮಾಡದೆ ಕರೆತನ್ನಿ.

ಹತ್ತು ದಿನ ಎಂಬ ಮಾತನ್ನು ನಾನು ಅಪ್ಪನಿಗೆ ಓದಿ ಹೇಳಲಿಲ್ಲ. ‘ಆಸ್ಪತ್ರೆಯವರು ಬರೆದವ್ರೆ, ಬೇಗ ಬರ್ಬೇಕಂತೆ’ ಅಂದೆನಷ್ಟೇ. ಅಪ್ಪ ಜಗಲಿಯ ಮೇಲೆ ಕುಸಿದು ಕೂತ. ‘ಒಂದೆಕ್ರೆ ಉಳಿಸ್ಕಳಕ್ ಹೋಗಿ ಅವ್ಳ ಕಾಗದನ ಒಂದ್ ವಾರ ಅಲೆಸ್ಬುಟ್ನಲ್ಲೋ ದೇವ್ರೇ’ ಅಂತ ಹಣೆ ಚಚ್ಚಿಕೊಂಡ. ನಾನು ಕಾಗದ ಮಡಚಿ ಪೆಟ್ಟಿಗೆಗೆ ಹಾಕಿದೆ. ಥೂ ನನ್ನ ಜನ್ಮಕ್ಕೆ.

ಮಂಗಳೂರಿನಲ್ಲಿ ಅದೇ ಕೋಣೆ, ಅದೇ ಡಾಕ್ಟರು, ಅಪ್ಪ ಹೊರಗೆ ಅದೇ ಬೆಂಚಿನಲ್ಲಿ. ಈ ಸಲ ಸಿಟ್ಟಾಗಿದ್ದರು. ಮೇಜು ಕುಟ್ಟಿ ಕುಟ್ಟಿ ಹೇಳಿ, ಮತ್ತೆ ಕೇಳಿದರು: ‘ಅಂಡರ್‌ಸ್ಟುಡ್?’ ನನ್ನ ಹಾಳು ನಾಲಿಗೆಯ ತುದಿಗೆ ಮತ್ತೆ ‘ಎಸ್’ ಬಂದು ನಿಂತಿತ್ತು. ಅಷ್ಟರಲ್ಲಿ ಅವ್ವ ನನ್ನ ಮುಂಗೈ ಹಿಡಿದಳು.

‘ಇಲ್ಲ ಸ್ವಾಮಿ, ಅವ್ಳಿಗೆ ಗೊತ್ತಾಗಿಲ್ಲ. ನಂಗೂ ಗೊತ್ತಾಗಿಲ್ಲ. ಯಾರಾರ ಕನ್ನಡದೋರ್ನ ಕರೀರಿ.’

ಡಾಕ್ಟರಿಗೆ ಮಾತು ತಿಳಿಯದಿದ್ದರೂ ಅವಳು ತಲೆಯಾಡಿಸಿದ್ದು ತಿಳಿಯಿತು. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಆಯಾಳನ್ನು ಕರೆದರು. ದಿನಾ ಕೇಳಿ ಕೇಳಿ ಅವರ ಇಂಗ್ಲಿಷಿಗೆ ಪಳಗಿದ್ದ ಅವಳು ಕೈ ಒರೆಸಿಕೊಂಡು ಬಂದು, ಡಾಕ್ಟರು ಹೇಳಿದ್ದನ್ನು ಎರಡು ಮೂರು ಸಲ ಕೇಳಿ ಖಚಿತ ಮಾಡಿಕೊಂಡು, ಅವ್ವನ ಪಕ್ಕ ಕೂತು ಮೆಲ್ಲಗೆ ಹೇಳಿದಳು: ‘ಅಮ್ಮ, ಅದು ಕ್ಯಾನ್ಸರ್ ಅಂತೆ. ಎದೆ ತೆಗೀಬೇಕಂತೆ. ಮುಂದಿನ ವಾರವೇ ಬರಬೇಕಂತೆ.’ ಎಷ್ಟು ಸಲೀಸಾದ ಕನ್ನಡ! ಅವ್ವ ‘ಹೂಂ’ ಅಂದಳು.

ಘಾಟಿ ಹತ್ತುವ ಬಸ್ಸಿನಲ್ಲಿ ಅಪ್ಪನಿಗೆ ಮುಂದೆ ಸೀಟು ಸಿಕ್ಕಿತ್ತು. ನಾನು ಅವ್ವನ ತೋಳಿಗೆ ಮುಖವೊತ್ತಿ, ‘ಮೊದಲ್ನೇ ಸಲವೂ ನಂಗೆ ಏನೂ ಅರ್ಥ ಆಗಿರ್ಲಿಲ್ಲವ್ವ’ ಅಂತ ಅತ್ತೆ.

‘ಗೊತ್ತಿತ್ತು ಕಣ್ ಮಗ. ನಿನ್ನ ಹೆತ್ತೋಳಿಗೆ ನಿನ್ನ ಮುಖ ಗೊತ್ತಾಗಕ್ಕಿಲ್ವಾ?’

‘ಮತ್ತೆ ಅವತ್ತೇ ಯಾಕವ್ವ ಹೇಳ್ಲಿಲ್ಲ?’

‘ಅಷ್ಟ್ ಜನದ ಮುಂದೆ ನಿಂಗೆ ಅವಮಾನ ಆಯ್ತದಲ್ಲ ಅಂತ. ಗಂಟು ನಂದು ತಾನೆ, ಇರ್ಲಿ ಅನ್ಕಂಡೆ.’ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ‘ನಿಮ್ಮಪ್ಪಂಗೆ ಹೇಳ್ಬ್ಯಾಡ. ಮಗ್ಳು ಅಂದ್ರೆ ಬೋ ಹೆಮ್ಮೆ ಅವ್ರಿಗೆ.’

ಆಪರೇಷನ್ ಆದಮೇಲೆ ಅವ್ವ ಮೂರು ವರ್ಷ ಇದ್ದಳು. ಹತ್ತನೇ ದಿನಕ್ಕೇ ಕರೆದುಕೊಂಡು ಹೋಗಿದ್ದರೆ ಎಷ್ಟು ವರ್ಷ ಇರುತ್ತಿದ್ದಳು ಅಂತ ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಕನ್ನಡ ಬರುವವರನ್ನೂ ಕೇಳಿಲ್ಲ, ಅಷ್ಟು ಹೆದರಿಕೆ. ಅಪ್ಪ ಆ ಒಂದೆಕರೆಯ ಕಡೆಗೆ ಮತ್ತೆ ಹೋಗಲಿಲ್ಲ, ಗಿಡವೆಲ್ಲ ಕಾಡು ಸೇರಿತು. ತಾನು ಪೋಸ್ಟಣ್ಣನಿಂದ ಓಡಿದ್ದಕ್ಕೇ ಅವಳು ಹೋದಳು ಅಂತ ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.