ಬೀಗ ಹಾಕುವ ಮನೆಗೆ ನಾಯಿಮರಿ

ನಾಯಿಮರಿ ನನ್ನ ಮಡಿಲಲ್ಲಿತ್ತು, ದುಡ್ಡು ಅದನ್ನು ಮಾರುವ ಹೆಂಗಸಿನ ಕೈ ಸೇರಿತ್ತು. ಅಷ್ಟರಲ್ಲಿ ಆಕೆ ಕೇಳಿದರು: "ಹಗಲೊತ್ತು ಮನ್ಯಾಗ ಯಾರಿರ್ತೀರ್ರಿ?"

ರಾಯದುರ್ಗದ ಆ ಮನೆಗೆ ನಾನೂ ನನ್ನ ಗಂಡನೂ ರಜೆಯ ದಿನ ಹೋಗಿದ್ದೆವು. ಹೋದ ವರ್ಷ ನಮ್ಮ ಪಕ್ಕದ ಮನೆಯವರು ಇಲ್ಲೇ ಒಂದು ಮರಿಗೆ ಕೊಟ್ಟದ್ದಕ್ಕಿಂತ ಬೆಲೆ ದುಪ್ಪಟ್ಟಾಗಿತ್ತು. ನನ್ನ ತವರು ಅಗಳಿಯ ಕಡೆ ನಾಯಿಮರಿಗೆ ಯಾರೂ ದುಡ್ಡು ಕೇಳುವುದಿಲ್ಲ. ತಾಯಿನಾಯಿಗೆಂದು ಒಂದು ಸೇರು ರಾಗಿ ಕೊಟ್ಟು ಎತ್ತಿಕೊಂಡು ಬರುತ್ತೇವೆ, ಹೊಲದಲ್ಲಿ ಜನರ ಹಿಂದೆ ಓಡಾಡುತ್ತಲೇ ಅದು ಬೆಳೆಯುತ್ತದೆ. ಇಲ್ಲಿ ಗಂಡ ಚೌಕಾಸಿ ಮಾಡಿ ಒಂದಿಷ್ಟು ಇಳಿಸಿದ್ದರು.

"ಇಬ್ರೂ ಜೀನ್ಸ್ ಹೊಲಿಯಾಕೆ ಹೋಗ್ತೀವಿ ಕಣಕ್ಕ. ಸಂಜೆ ಗಂಟ ಬೀಗ ಹಾಕಿರ್ತೀವಿ" ಎಂದೆ.

ಆಕೆ ದುಡ್ಡನ್ನು ಗಂಡನ ಕೈಗೇ ವಾಪಸಿಟ್ಟರು. "ಹಂಗಾದ್ರ ಬ್ಯಾಡ್ರಿ. ಎಷ್ಟು ಕೊಟ್ರೂ ಬ್ಯಾಡ" ಎಂದು ಮರಿಯನ್ನು ಎತ್ತಿಕೊಂಡು ಒಳಗೆ ಹೋದರು. ದುಡ್ಡು ನಮ್ಮದು, ಮನೆ ನಮ್ಮದು, ಈಕೆಯದೇನು ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬೀಗ ಹಾಕಿ, ಎಂದಿನಂತೆ ಎಳೆದು ನೋಡಿದೆ. ಒಳಗೆ ಯಾರೂ ಇಲ್ಲ ಎಂಬುದೇ ಅವತ್ತು ಸಮಾಧಾನವೆನಿಸಿತು.