ನಾಲೆ ಕಚೇರಿಯ ಫುಟ್‌ಬಾಲ್ ಸರದಿ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ತೊಂಬತ್ತೆಂಟರ ಬೇಸಿಗೆಯಲ್ಲಿ ಪಾಂಡವಪುರದ ನಮ್ಮ ನಾಲೆ ಕಚೇರಿಗೆ ನಾಗಮಂಗಲದಿಂದ ಒಬ್ಬ ಹೊಸ ನಕ್ಷೆಗಾರ ವರ್ಗವಾಗಿ ಬಂದ. ಅಕ್ಕಸಾಲಿಗರ ಮನೆಯವನು. ಪೆನ್ಸಿಲ್ ಹಿಡಿದರೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುತ್ತಿದ್ದ. ಕಚೇರಿಯಲ್ಲಿ ಆಗಲೇ ಒಬ್ಬ ನಕ್ಷೆಗಾರನಿದ್ದ. ಶೀಳನೆರೆಯವನು, ನನ್ನ ಹತ್ತು ವರ್ಷದ ಗೆಳೆಯ. ನಕ್ಷೆಯ ಕೆಲಸದವರು ಒಟ್ಟಿಗೆ ಕೂರಲಿ ಎಂದು ಹೆಡ್ ಕ್ಲರ್ಕು, ಗೆಳೆಯನ ಪಕ್ಕದಲ್ಲಿ ಫ್ಯಾನಿನ ಕೆಳಗಿದ್ದ ನನ್ನ ಕುರ್ಚಿಯನ್ನು ಹೊಸಬನಿಗೆ ಕೊಟ್ಟು ನನ್ನನ್ನು ಬಾಗಿಲ ಬಳಿಗೆ ಅಟ್ಟಿದರು.

ಸೆಖೆಯನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಊಟದ ಹೊತ್ತು. ಗೆಳೆಯನೂ ನಾನೂ ಹತ್ತು ವರ್ಷದಿಂದ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದವರು. ಅವನ ಮನೆಯ ಹುರುಳಿಕಾಳಿನ ಸಾರಿನ ರುಚಿ ನಮ್ಮ ಕಿರಂಗೂರಿನ ಯಾವ ಮನೆಯಲ್ಲೂ ಇಲ್ಲ. ಈಗ ಅದು ಮೂರು ಪಾಲಾಯಿತು. "ಆಕ್ಕಳಿ, ಸಂಕೋಚ ಪಡ್‌ಬ್ಯಾಡಿ" ಎಂದು ಅವನು ಮೊದಲು ಹೊಸಬನಿಗೆ ಬಡಿಸುತ್ತಿದ್ದ. ಹೊಸಬರಿಗೆ ಮೊದಲು ಬಡಿಸುವುದು ಮರ್ಯಾದೆ ಎಂದು ನನಗೂ ಗೊತ್ತು. ಆದರೆ ಒಂದೂವರೆ ತಿಂಗಳಾದ ಮೇಲೂ ಯಾರಾದರೂ ಹೊಸಬರಾಗಿಯೇ ಇರುತ್ತಾರೆಯೇ?

ಫುಟ್‌ಬಾಲ್ ಹುಟ್ಟಿದ್ದು ಈ ಉರಿಯಲ್ಲೇ. ಒಂದು ಭಾನುವಾರ ಶ್ರೀರಂಗಪಟ್ಟಣದ ಕ್ಷೌರದಂಗಡಿಯಲ್ಲಿ ಕಾಯುತ್ತಾ ಕುಳಿತು ಒಂದು ಇಂಗ್ಲಿಷ್ ಕ್ರೀಡಾ ಪತ್ರಿಕೆ ತಿರುವಿದೆ. ಹೊರದೇಶದ ಕಚೇರಿಗಳಲ್ಲಿ ಜನ ನಿಜವಾದ ಆಟಗಾರರನ್ನೇ ತಮ್ಮತಮ್ಮಲ್ಲಿ ಹಂಚಿಕೊಂಡು ಕಾಗದದ ಮೇಲೆ ತಂಡ ಕಟ್ಟುತ್ತಾರಂತೆ. ಆ ಆಟಗಾರ ಮೈದಾನದಲ್ಲಿ ಗೋಲು ಹೊಡೆದರೆ ಕಚೇರಿಯ ಕುರ್ಚಿಯಲ್ಲಿ ಕೂತವನಿಗೆ ಅಂಕವಂತೆ. ವಿಶ್ವಕಪ್ಪು ಹತ್ತಿರ ಬರುತ್ತಿತ್ತು. ಮಾರನೆಯ ದಿನವೇ ಕಚೇರಿಯಲ್ಲಿ ವಿಷಯ ಎತ್ತಿದೆ. ಗೆದ್ದವರಿಗೆ ಏನು ಸಿಗುತ್ತದೆ ಎಂದು ಟೈಪಿಸ್ಟ್ ಕೇಳಿದರು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು.

"ಗೆದ್ದೋರು ಒಂದು ವರ್ಸ ಫ್ಯಾನಿನ್ ಕೆಳಗೆ ಕೂರೋದು."

ಹೆಡ್ ಕ್ಲರ್ಕು ನಕ್ಕು ಒಪ್ಪಿದರು. ನನ್ನ ಕುರ್ಚಿ, ಅದರ ಪಕ್ಕದ ಗೆಳೆಯ, ಎರಡೂ ಒಟ್ಟಿಗೆ ವಾಪಸು ಸಿಗುವ ದಾರಿ ಅದು. ಫುಟ್‌ಬಾಲಿನ ಮೇಲೆ ನನಗೆ ಬೇರೆ ಯಾವ ಪ್ರೀತಿಯೂ ಇರಲಿಲ್ಲ.

ಆಡಲು ನಿಂತವರು ಐದು ಜನ: ಹೆಡ್ ಕ್ಲರ್ಕು, ಮೇಲುಕೋಟೆಯಿಂದ ಬರುತ್ತಿದ್ದ ಟೈಪಿಸ್ಟು, ಗೆಳೆಯ, ಹೊಸಬ, ನಾನು. ತಂಡಕ್ಕೆ ಐದೇ ಆಟಗಾರರು. ಅದಕ್ಕಿಂತ ಹೆಚ್ಚು ಹೆಸರು ನಮಗೆ ಉಚ್ಚರಿಸಲೂ ಬರುತ್ತಿರಲಿಲ್ಲ. ದಿನವೂ ಮಧ್ಯಾಹ್ನದ ಟೀ ಹೊತ್ತಿಗೆ ಪ್ರತಿಯೊಬ್ಬರೂ ಒಬ್ಬೊಬ್ಬ ಆಟಗಾರನನ್ನು ಆರಿಸುವುದು, ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಗಾದರೆ ಮೊದಲು ಆರಿಸುವವರು ಯಾರು? ನಮ್ಮದು ನೀರು ಬಿಡುವ ಕಚೇರಿ. ಯಾವ ತೂಬು ಯಾವಾಗ ತೆರೆಯಬೇಕು ಎಂಬ ಸರದಿ ಬಿಟ್ಟರೆ ನಮಗೆ ಬೇರೆ ನ್ಯಾಯ ತಿಳಿಯದು. ನಾಲೆಯ ತಲೆಭಾಗದ ಕಡತ ನನ್ನದು, ಕೊನೆಭಾಗದ್ದು ಗೆಳೆಯನದು. ನೀರು ಹರಿಯುವ ಕ್ರಮದಲ್ಲೇ ಹೆಸರು ಬರೆದೆ. ನಾನು ಮೊದಲು, ಗೆಳೆಯ ಕಡೆಗೆ.

ಹೊಸಬ ಪಟ್ಟಿ ನೋಡಿ ಮೆಲ್ಲಗೆ ಹೇಳಿದ: "ಇಂಗಾದ್ರೆ ಕೊನೆಯೋರಿಗೆ ಯಾವತ್ತೂ ಬಗ್ಗಡವೇ ಗತಿ ಅಲ್ವ್ರಾ? ಒಂದಿನ ಮೇಲಿಂದ ಕೆಳಕ್ಕೆ ಬುಡಾನ, ಮಾರ್ನೇ ದಿನ ಕೆಳಗಿಂದ ಮೇಲಕ್ಕೆ."

ಗೆಳೆಯ ಮೇಜು ಗುದ್ದಿದ. "ನಮ್ ಕೊನೆಭಾಗದ್ ರೈತ್ರು ಅರ್ಜಿ ಮೇಲೆ ಅರ್ಜಿ ಕೊಟ್ಟು ಕೇಳ್ತಿರೋದು ಇದನ್ನೇ ಕಣ್ರೀ! ಯಾವ್ ಇಂಜಿನಿಯರ್‌ಗೂ ಒಳೀನಿಲ್ವಲ್ಲ!" ಎಂದ. ಎಲ್ಲರೂ ಹೊಸಬನ ಬೆನ್ನು ತಟ್ಟಿದರು. ಆಟ ತಂದವನು ನಾನು, ಹೊಗಳಿಸಿಕೊಂಡವನು ಅವನು. ನನ್ನ ಟೀ ಆರಿಹೋಗಿತ್ತು, ಅದನ್ನು ಹಾಗೇ ಕುಡಿದೆ.

ಆರಿಸುವ ಕೆಲಸ ಶುರುವಾಯಿತು. ಮೊದಲ ದಿನವೇ ನಾನು ಬ್ರೆಜಿಲ್ಲಿನ ದೊಡ್ಡ ಹೆಸರೊಂದನ್ನು ಬಾಚಿಕೊಂಡೆ. ಹೆಡ್ ಕ್ಲರ್ಕು ನಾಲಗೆಗೆ ಸುಲಭವಾದ ಹೆಸರಿನವರನ್ನೇ ಹುಡುಕಿದರು. ಟೈಪಿಸ್ಟು ಬರೀ ಗೋಲು ಕಾಯುವವರನ್ನು ತೆಗೆದುಕೊಂಡರು. ನಾಲ್ಕೂ ಕಡೆ ಓಡುವವರಿಗಿಂತ ಒಂದೇ ಕಡೆ ನಿಂತು ಕೆಲಸ ಮಾಡುವವರನ್ನು ನಂಬಬಹುದು ಎಂಬುದು ಅವರ ಲೆಕ್ಕ. ನಾಲ್ಕನೆಯ ದಿನದ ಹೊತ್ತಿಗೆ ಇಡೀ ಕಚೇರಿಗೆ ಹುಚ್ಚು ಹಿಡಿದಿತ್ತು. ಅರ್ಜಿ ಹಿಡಿದು ಬಂದ ರೈತರೂ ನಿಂತು ಸಲಹೆ ಕೊಟ್ಟು ಹೋಗುತ್ತಿದ್ದರು.

ಅಂದು ಊಟ ಮುಗಿಸಿ ಕೈತೊಳೆದು ಬಂದಾಗ ಗೆಳೆಯನೂ ಹೊಸಬನೂ ಗೋಡೆಯ ಹಳೆಯ ಭೂಪಟವನ್ನು ಕೆಳಗಿಳಿಸಿಕೊಂಡು ಅದರ ಮೇಲೆ ಬಗ್ಗಿದ್ದರು. ಪತ್ರಿಕೆಯಲ್ಲಿ ಕ್ರೊಯೇಷಿಯಾ ಎಂದು ಓದಿದ್ದರಂತೆ. ನಮ್ಮ ಭೂಪಟ ಆ ದೇಶ ಹುಟ್ಟುವುದಕ್ಕೆ ಮುಂಚಿನದು. ಗೆಳೆಯ ಪತ್ರಿಕೆ ನೋಡಿ ಹೇಳುತ್ತಿದ್ದ, ಹೊಸಬ ಹೊಸ ಗಡಿ ಎಳೆಯುತ್ತಿದ್ದ. ಇಬ್ಬರ ತಲೆಗಳೂ ಹೆಚ್ಚುಕಡಿಮೆ ತಾಗಿಕೊಂಡಿದ್ದವು. ಬಾಗಿಲಲ್ಲಿ ಎಷ್ಟು ಹೊತ್ತು ನಿಂತರೂ ಯಾರೂ ತಿರುಗಿ ನೋಡಲಿಲ್ಲ.

ಐದನೆಯ ದಿನ ಗೆಳೆಯನಿಗೆ ರಜೆ. ಊರಿನಲ್ಲಿ ತಂಗಿಯ ಸೀಮಂತ. ಹಿಂದಿನ ಸಂಜೆ ಬಸ್ಸಿಗೆ ಹೊರಡುವಾಗ ತನ್ನ ಕಡೆಯ ಆಟಗಾರನ ಹೆಸರು ಬರೆದ ಚೀಟಿಯನ್ನು ಮಡಿಸಿ ಹೊಸಬನ ಕೈಗಿತ್ತ. "ನನ್ ಪರವಾಗಿ ನೀವೇ ಯೋಳ್ಬುಡಿ" ಎಂದ. ಆಮೇಲೆ ನನ್ನ ಮೇಜಿನ ಮುಂದೆಯೇ ಹಾದು, "ಬತ್ತೀನಿ ಕಣ್ಲಾ" ಎಂದು ಹೋದ. ಅವನ ಮಗಳಿಗೆ ಜ್ವರ ಬಂದಾಗ ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ಕೂತಿದ್ದವನು ನಾನು. ಒಂದು ಚೀಟಿ ಕೊಡಲು ನಾನು ಬೇಡವಾದೆನೇ? ಮನೆಗೆ ಹೋಗಿ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಮಾರನೆಯ ದಿನ ಹೊಸಬ ಟೀ ತರಲು ಎದ್ದುಹೋದ. ಚೀಟಿ ಅವನ ಮೇಜಿನ ಮೇಲೆ ಪೇಪರ್‌ವೇಟಿನಡಿ ಇತ್ತು. ಹೋಗಿ ಬಿಡಿಸಿ ಓದಿದೆ. ಹೆಸರಿನ ಪಕ್ಕದಲ್ಲಿ ಕ್ರೊಯೇಷಿಯಾ ಎಂದಿತ್ತು! ಇಬ್ಬರೂ ಸೇರಿ ಗೆರೆ ಎಳೆದ ದೇಶದ ಆಟಗಾರ. ಮಡಿಸಿ ಅಲ್ಲೇ ಇಟ್ಟೆ. ಐದನೆಯ ದಿನ ಮತ್ತೆ ಮೇಲಿಂದ ಕೆಳಕ್ಕೆ, ಮೊದಲ ಸರದಿ ನನ್ನದು. ಎಲ್ಲರೂ ಟೀ ಹಿಡಿದು ಸೇರಿದ ಮೇಲೆ ಗಂಟಲು ಸರಿಮಾಡಿಕೊಂಡು ಆ ಹೆಸರನ್ನೇ ಹೇಳಿದೆ. ಅವನು ಎಂಥ ಆಟಗಾರ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವರಿಬ್ಬರಿಗೆ ಅವನು ಸಿಗಬಾರದಾಗಿತ್ತು, ಅಷ್ಟೇ.

ಹೊಸಬ ಚೀಟಿ ತೆರೆದು ನೋಡಿದ. "ಅವ್ರು ಕೇಳಿದ್ದು ಈಗ ಇಲ್ಲ, ಬ್ಯಾರೆಯೋರ್‌ನ ಬರ್ಕಳಿ" ಎಂದು ಇನ್ಯಾರದೋ ಹೆಸರು ಹೇಳಿದ. ಅವನ ದನಿಯಲ್ಲಿ ಏನೂ ಇರಲಿಲ್ಲ. ಮಾರನೆಯ ದಿನ ಗೆಳೆಯ ರಜೆ ಮುಗಿಸಿ ಬಂದ. ಸೀಮಂತದ ಎಳ್ಳು ಬೆಲ್ಲದ ಚಿಗಳಿ ಉಂಡೆ ತಂದಿದ್ದ, ನನಗೆ ಎರಡು ಕೊಟ್ಟ.

ಆ ಆಟಗಾರ ಗೋಲಿನ ಮೇಲೆ ಗೋಲು ಹೊಡೆದ. ಬೆಳಗ್ಗೆ ಪತ್ರಿಕೆ ಬರುತ್ತಿದ್ದಂತೆ ಎಲ್ಲರೂ ನನ್ನ ಬೆನ್ನು ತಟ್ಟುವರು. "ಅದೆಲ್ಲಿಂದ ಉಡುಕ್‌ದೆಲಾ ಅವನ್ನ?" ಎಂದು ಗೆಳೆಯನೂ ಒಂದು ಸಲ ಕೇಳಿದ. ಪತ್ರಿಕೆಯಲ್ಲಿ ನೋಡಿದ್ದೆ ಎಂದೆ. ಅವನು ತಲೆಯಾಡಿಸಿ ಸಾರು ಬಡಿಸಿದ, ಅದೂ ಮೊದಲು ನನಗೆ. ಆ ಸಾರು ನನಗೆ ಇಳಿಯಲಿಲ್ಲ. ಹೇಳಿಬಿಡಬೇಕು ಅನ್ನಿಸುತ್ತಿತ್ತು. ಆಗ ಪಕ್ಕದಲ್ಲಿ ಹೊಸಬ ಇರುತ್ತಿದ್ದ. ಅವನೆದುರು ಸಣ್ಣವನಾಗಲು ಮನಸ್ಸು ಒಪ್ಪುತ್ತಿರಲಿಲ್ಲ.

ಕಡೆಯ ಆಟದಲ್ಲಿ ಬ್ರೆಜಿಲ್ ಸೋತರೂ ನಾನು ಗೆದ್ದೆ. ಎರಡನೆಯವನು ಗೆಳೆಯ. ಆ ಆಟಗಾರ ಅವನ ಕಡೆ ಇದ್ದಿದ್ದರೆ ಅವನೇ ಗೆಲ್ಲುತ್ತಿದ್ದ, ಪಟ್ಟಿ ನೋಡಿದರೆ ಯಾರಿಗೂ ಗೊತ್ತಾಗುವಂತಿತ್ತು. ಹೊಸಬ ತಾನೇ ತನ್ನ ಪೆನ್ಸಿಲ್ಲು, ಸ್ಕೇಲು ಎತ್ತಿಕೊಂಡು ಬಾಗಿಲ ಬಳಿಗೆ ಹೋದ. ಆಗಲೇ ಮಳೆಗಾಲ, ಫ್ಯಾನು ಹಾಕುವ ಅಗತ್ಯವೂ ಇರಲಿಲ್ಲ. ಆದರೂ ಆ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಗೆಳೆಯ, ಮೊದಲಿನಂತೆಯೇ.

ಹೊಸಬ ಸಾಹೇಬರ ಕೋಣೆಗೆ ಹೋಗಿದ್ದಾಗ ಧೈರ್ಯ ಮಾಡಿದೆ. "ನಿನಗೊಂದು ಮಾತು ಯೋಳ್ಬೇಕು ಕಣ್ಲಾ. ಆ ಚೀಟಿ..."

ಗೆಳೆಯ ನಕ್ಷೆಯಿಂದ ತಲೆ ಎತ್ತಲಿಲ್ಲ. "ಗೊತ್ತು ಬುಡ್ಲಾ. ನೀನು ಬಿಡಿಸಿ ಓದೋದ ಅವತ್ತು ಟೀ ತರಾಕೋದಾಗ ಕಿಟಕೀಲಿ ನೋಡವ್ರೆ ಅವ್ರು. ನಾನು ಬಂದ್ ದಿನವೇ ಯೋಳುದ್ರು."

"ಮತ್ಯಾಕೆ ಸುಮ್ಕಿದ್ದೆ?"

"ಯಾರ್‌ಗೂ ಯೋಳೋದ್ ಬ್ಯಾಡ ಅಂತ ನಾನೇ ಅಂದೆ. ನೀನೇ ಬಂದು ಯೋಳ್ತೀಯ ಅಂತ ದಿನಾ ಕಾಯ್ತಿದ್ದೊ, ನಾವಿಬ್ರೂ."

ಅವನ ದನಿಯಲ್ಲಿ ಕೋಪ ಇರಲಿಲ್ಲ. ಹತ್ತು ವರ್ಷದಿಂದ ಅವನು ನಾವಿಬ್ಬರು ಎಂದರೆ ಅದು ಅವನು ಮತ್ತು ನಾನು. ಆ ಚೀಟಿಯ ದಿನದವರೆಗೆ ಅವರಿಬ್ಬರ ನಡುವೆ ಭೂಪಟ, ಪೆನ್ಸಿಲ್ಲು, ಸಾರು ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ಆಗ ತಿಳಿಯಿತು. ನನ್ನ ಮಾನ ಕಾಪಾಡುವುದಕ್ಕೆಂದು ಒಂದೂವರೆ ತಿಂಗಳು ಬಾಯಿ ಬಿಡದೆ ಕೂತು ಅವರು ನಿಜಕ್ಕೂ ಸ್ನೇಹಿತರಾಗಿದ್ದರು. ಹೊಸಬ ಕೋಣೆಯಿಂದ ಹೊರಬಂದ. ಗೆಳೆಯ ಅವನತ್ತ ನೋಡಿ, ಕೊನೆಗೂ ಹೇಳಿದ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ. ಅವನೂ ತಲೆಯಾಡಿಸಿ, ನನ್ನ ಕಡೆ ನೋಡದೆ ಬಾಗಿಲ ಬಳಿ ಹೋಗಿ ಕೂತ.