ಕನ್ನಡಕ ಜೇಬಿನಲ್ಲಿಟ್ಟು ಹಾಕಿದ ಸಹಿ

ನಾನು ಓದು ಬಿಟ್ಟದ್ದು ೧೯೭೪ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೂ ಕೂರದೆ. ಅದನ್ನು ಮುಚ್ಚಿಡುವುದರಲ್ಲೇ ಅರ್ಧ ಆಯಸ್ಸು ಕಳೆದೆ. ಮೊನ್ನೆ ಹುಲ್ಲು ಕೊಯ್ದು ಒಣಗಲು ಬಿಟ್ಟಿದ್ದೆ. ಆ ಘಮಕ್ಕೆ ಬೇಲಿಯಾಚೆಯ ಯಜಮಾನರು ನೆನಪಾದರು... ಅವರ ಅಂಗಿಗೂ ಇದೇ ವಾಸನೆ.

ಹೆಂಡತಿಯ ನರ್ಸ್ ಕೆಲಸದಿಂದಾಗಿ ಟೆಕ್ಸಸ್ಸಿಗೆ ಬಂದವನು ನಾನು. ಇಂಡಿಯನ್ ಅಂಗಡಿಗಳಿಗೆ ತರಕಾರಿ ಸಾಗಿಸುವ ವ್ಯಾನ್ ಓಡಿಸುತ್ತಿದ್ದೆ. ಇವತ್ತು ಹ್ಯೂಸ್ಟನ್, ನಾಳೆ ಡಾಲಸ್. ಇಬ್ಬರೂ ದುಡಿದು ಫ್ಲೂಗರ್‌ವಿಲ್ ಎಂಬ ಸಣ್ಣ ಸಿಟಿಯ ಆಚೆ, ಅದರ ಗಡಿಯ ಹೊರಗೆ, ಹತ್ತು ಎಕರೆ ಕೊಂಡೆವು. ವ್ಯಾನ್ ಬಿಟ್ಟು ನಾನೇ ತರಕಾರಿ ಬೆಳೆಯಬೇಕು, ಎರಡು ಹಸು ಕಟ್ಟಬೇಕು ಎಂಬುದೊಂದೇ ಆಸೆ. ಆದರೆ ಮೊದಲ ವರ್ಷಗಳಲ್ಲಿ ಬಿಡುವಾಗಲಿಲ್ಲ. ಹುಲ್ಲೊಂದೇ ಬೆಳೆಯಿತು.

ಒಂದು ದಿನ ಪಕ್ಕದ ಜಮೀನಿನ ಆ ಬಿಳಿಯ ಮುದುಕರು ಬಂದು, ತಮ್ಮ ಹಸುಗಳನ್ನು ನಮ್ಮಲ್ಲಿ ಮೇಯಿಸಲೇ ಎಂದು ಕೇಳಿದರು. ಪಿಕಪ್ಪಿನ ಮುಂಭಾಗದ ಮೇಲೆ ಒಂದು ಫಾರಂ ಹರಡಿ ಏನೇನೋ ವಿವರಿಸಿದರು. ಅವರು ಎಳೆದೆಳೆದು ಆಡುವ ಇಂಗ್ಲಿಷಿನಲ್ಲಿ ಕಾಲು ಭಾಗ ಅರ್ಥವಾಗಿರಬೇಕು. ಓದಿದವನಂತೆ ಮೇಲಿಂದ ಕೆಳಕ್ಕೆ ಕಣ್ಣಾಡಿಸಿ ಸಹಿ ಹಾಕಿದೆ. ಮೇಯಿಸಲು ಒಪ್ಪಿಗೆ ಪತ್ರವೆಂದುಕೊಂಡೆ. "ಪಾಪ, ಬಿಟ್ಟಿ ಮೇವು ಕೇಳ್ದ, ಕೊಟ್ಟೆ" ಎಂದು ಹೆಂಡತಿಗೂ ಹೇಳಿದೆ.

ಕೆಲವು ವರ್ಷ ಹಾಗೇ ನಡೆಯಿತು. ಒಮ್ಮೆ ಅವರದೊಂದು ಹಸು ನಮ್ಮ ಕರಿಬೇವಿನ ಗಿಡಗಳನ್ನೆಲ್ಲ ತುಳಿದು ಹಾಕಿತು. ರೇಗಿ, ಹಸು ಹೊಡೆದುಕೊಂಡು ಹೋಗಿ ಎಂದುಬಿಟ್ಟೆ. ಅವರು ಹಾಗೇ ಮಾಡಿದರು. ಆದರೆ ಆ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತಂದು, "ಹಸು ಬೇಡ ಅಂದ್ರೆ ಬೇಡ ನೇಬರ್. ಹುಲ್ಲಂತೂ ಕೊಯ್ಲೇಬೇಕು" ಎಂದು ಕೊಯ್ದೇ ಹೋದರು. ಎಂಥ ಹಟದ ಮುದುಕ ಎಂದು ಬೈದುಕೊಂಡೆ.

ಆಮೇಲೆ ಸಿಟಿಯ ಪತ್ರ ಬಂತು. ಜೊತೆಗಿದ್ದ ನಕ್ಷೆಯಿಂದ, ನಮ್ಮ ಜಮೀನು ಸಿಟಿಯ ಗಡಿಯೊಳಗೆ ಸೇರುತ್ತದೆ ಎಂಬಷ್ಟು ತಿಳಿಯಿತು. ಸಿಟಿಯ ತೆರಿಗೆ, ಸಿಟಿಯ ಕಾಯ್ದೆ. ಹಸು ಕಟ್ಟುವ ಆಸೆ ಮುಗಿಯಿತು ಎಂದುಕೊಂಡೆ. ಹೆಂಡತಿಯಲ್ಲೂ ಓದಿಸಲು ನಾಚಿಕೆಯಾಗಿ ಪತ್ರವನ್ನು ಅಕ್ಕಿ ಡಬ್ಬದ ಹಿಂದೆ ತುರುಕಿದೆ. ಹೆಂಡತಿಯ ಕೈಗೆ ಸಿಕ್ಕಾಗ ಉತ್ತರ ಕೊಡಲು ಮೂರೇ ದಿನ ಉಳಿದಿತ್ತು.

"ರೀ, ಇದ್ರಲ್ಲಿ ದಾರಿ ಇದೆ ಕಣ್ರೀ. ಬೇಸಾಯದ ಜಮೀನಾದ್ರೆ ಸಿಟಿ ಜೊತೆ ಒಪ್ಪಂದ ಮಾಡ್ಕೊಂಡು ಗಡಿ ಹೊರಗೇ ಇರಬಹುದಂತೆ. ಸೈಟು ಮಾಡಿ ಮಾರಬಾರದು, ಅಷ್ಟೆ."

"ನಾವೆಲ್ಲಿ ಬೇಸಾಯ ಮಾಡಿದೀವಿ?"

ಅವಳು ತೆರಿಗೆ ಕಾಗದ ತೆಗೆದು ನೋಡಿದಳು. ಬೇಸಾಯದ ಜಮೀನೆಂದೇ ದಾಖಲಾಗಿತ್ತು, ತೆರಿಗೆಯೂ ಅದಕ್ಕೆ ತಕ್ಕಂತೆ ಕಡಿಮೆ. ನಾನು ಪಿಕಪ್ಪಿನ ಮೇಲೆ ಸಹಿ ಹಾಕಿದ ಫಾರಂ ಅದಕ್ಕೇ ಆಗಿತ್ತು. ಹಸು ಮೇದದ್ದು, ಹುಲ್ಲು ಕೊಯ್ದದ್ದು, ಎಲ್ಲ ಆ ದಾಖಲೆ ಉಳಿಸುವುದಕ್ಕೇ.

"ಬಿಟ್ಟಿ ಮೇವು ಕೊಟ್ಟ ದಾನಶೂರ ಕರ್ಣ!" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಬೇಲಿಯ ಗೇಟು ದಾಟಿ ಹೋಗಿ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಅವರಿಗೆ ಹೇಳಿದೆ. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

"ಗೊತ್ತಿತ್ತು," ಎಂದರು. "ಅವತ್ತು ನಿನ್ನ ಕನ್ನಡಕ ಜೇಬಲ್ಲೇ ಇತ್ತಲ್ಲ ನೇಬರ್. ನಾನೂ ಎಂಟನೇ ಕ್ಲಾಸಿಗೇ ಓದು ಬಿಟ್ಟವನು."

ಮಾರನೆಯ ದಿನ ತಮ್ಮ ಪಿಕಪ್ಪಿನಲ್ಲೇ ನನ್ನನ್ನು ಸಿಟಿ ಆಫೀಸಿಗೆ ಕರೆದೊಯ್ದರು. ಒಪ್ಪಂದದ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ನಿಧಾನಕ್ಕೆ ತಡವರಿಸುತ್ತ ಓದಿದರು. ಕೌಂಟರಿನ ಹುಡುಗಿ ಎರಡು ಸಲ ಗಡಿಯಾರ ನೋಡಿದಳು. ಅವರು ಒಂದು ಸಾಲನ್ನೂ ಬಿಡಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಸಹಿ ಮಾಡಿದೆ.

ಎರಡು ಚಳಿಗಾಲದ ಹಿಂದೆ ಅವರು ತೀರಿಕೊಂಡರು. ಮಕ್ಕಳು ಜಮೀನು ಮಾರಿದರು. ಅಲ್ಲೀಗ ಮನೆಗಳ ಸಾಲು... ಸಿಟಿ ನನ್ನ ಬೇಲಿಯವರೆಗೆ ಬಂದು ನಿಂತಿದೆ. ಹುಲ್ಲು ಕೊಯ್ದಾಗ ಆ ಕಡೆ ಟೋಪಿ ಎತ್ತಿ ಕೈಬೀಸುವವರು ಯಾರೂ ಇಲ್ಲ.

ನನ್ನ ಹತ್ತಿರ ಈಗ ಇರುವುದು: ಹತ್ತು ಎಕರೆ ಜಮೀನು, ಅದರಲ್ಲಿ ಎರಡೆಕರೆ ತರಕಾರಿ. ಅವರ ಹಸುಗಳ ತಳಿಯ ಐದು ಹಸು. ಇಪ್ಪತ್ತೊಂದು ಕರಿಬೇವಿನ ಗಿಡ. ಅವರ ಕಡೆಗೆ ತೆರೆಯುತ್ತಿದ್ದ ಒಂದು ಗೇಟು.